ಕೊನೆಗೆ ಹೇಳುವ ತಾರೀಖು

ಪುಣೆಯ ಶನಿವಾರ ಪೇಟೆಯಲ್ಲಿ, ಬಾಡಿಗೆ ಮನೆಗಳ ಆ ವಾಡೆಯಲ್ಲಿ ಕನ್ನಡ ಮನೆಗಳು ನಾಲ್ಕಿದ್ದವು, ಕನ್ನಡ ಓದಬಲ್ಲವನು ಒಬ್ಬನೇ ಇದ್ದ. ಉಳಿದವರು ಮನೆಯಲ್ಲಿ ಕನ್ನಡದಲ್ಲೇ ಜಗಳಾಡಿ, ಕನ್ನಡದಲ್ಲೇ ಅತ್ತು, ಶಾಲೆಯಲ್ಲಿ ಮಾತ್ರ ಮರಾಠಿ ಕಲಿತವರು. ಹಾಗಾಗಿ ಭೂಮಾಪನ ಕಚೇರಿಯ ಗುಮಾಸ್ತ ಮಾರ್ತಾಂಡರಾಯ, ಕಚೇರಿಯಲ್ಲಿ ನಾಯಿಯೂ ಮೂಸಿ ನೋಡದ ಮನುಷ್ಯ, ಸಂಜೆ ವಾಡೆಯ ಕಟ್ಟೆಗೆ ಬಂದು ಕೂತರೆ ಪಂಡಿತನಾಗಿಬಿಡುತ್ತಿದ್ದ.

ಧಾರವಾಡದ ಕಡೆಯಿಂದ ಟಪಾಲಿನಲ್ಲಿ ಬಂದ ಹಳೆಯ ಪತ್ರಿಕೆಗಳು ಅವನ ಬಳಿ ಒಂದು ಟ್ರಂಕಿನ ತುಂಬ ಇದ್ದವು. ಅವುಗಳಲ್ಲೊಂದನ್ನು ಇಂದಿನದೆಂಬಂತೆ ಬಿಡಿಸಿ ತಲೆಬರಹ ಓದುವುದು, ಅದರಿಂದ ಯಾರಿಗೆ ಏನಾಯಿತೆಂದು ತನ್ನ ತಲೆಯಿಂದಲೇ ಕತೆ ಕಟ್ಟುವುದು, ಎಲ್ಲರೂ ಬೆಪ್ಪಾದ ಮೇಲೆ ಕೊನೆಗೆ ತಾರೀಖು ಹೇಳುವುದು ಅವನ ಆಟ. ‘ಧೂಮಕೇತುವಿನ ಬಾಲ ಭೂಮಿಗೆ ತಾಗುವ ಸಂಭವ’ ಎಂದು ಓದಿ, “ಪ್ರಳಯ ಹೆಂಗೂ ಬರತದ ಅಂತ ಒಬ್ಬ ಗೃಹಸ್ಥ ಮಗಳ ಮದವೀ ಲಾಡು ಅಷ್ಟೂ ತಿಂದು ಕೂತ. ಪ್ರಳಯ ಅವನ ಹೊಟ್ಟ್ಯಾಗಷ್ಟೇ ಆತು,” ಎನ್ನುತ್ತ, ಕೇಳುವವರಲ್ಲಿ ಎಲ್ಲರಿಗಿಂತ ದಪ್ಪಗಿದ್ದವನ ಹೊಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ, “ತಾರೀಖು, ಹತ್ತನೇ ಇಸವಿ.” ದಪ್ಪಗಿದ್ದವನೂ ನಗಲೇಬೇಕಾಗುತ್ತಿತ್ತು.

ನಗದವಳು ಎರಡನೇ ಮನೆಯ ಮುದುಕಿ ಭಾಗೀರಥಿಬಾಯಿ ಒಬ್ಬಳೇ. “ಈ ರದ್ದಿ ಬಚ್ಚಲ ಒಲಿಗೆ ಹಾಕ್ರಿ, ನೀರರೆ ಕಾಯ್ತಾವ,” ಎಂದು ಒಂದು ದಿನ ಎಲ್ಲರೆದುರು ಅಂದಳು. ಮಾರ್ತಾಂಡನ ಯಾವ ತಮಾಷೆಗೂ ಏಳದಷ್ಟು ನಗು ಆ ಮಾತಿಗೆ ಎದ್ದಿತು. ಅವನು ಅದನ್ನು ಮರೆಯಲಿಲ್ಲ.

ಇಪ್ಪತ್ತಾರರ ಶ್ರಾವಣ. ಮುದುಕಿಯ ಮಗ ಕೃಷ್ಣಾಜಿ ಹೊಲದ ಕೆಲಸಕ್ಕೆಂದು ದೌಂಡ, ಸೊಲ್ಲಾಪುರದ ಮಾರ್ಗವಾಗಿ ಕೃಷ್ಣಾ ತೀರದ ತನ್ನ ಹಳ್ಳಿಗೆ ಹೋಗಿದ್ದ. ಮನೆಯಲ್ಲಿ ಅವನ ಹೆಂಡತಿ ತುಂಗಾ, ಹತ್ತೊಂಬತ್ತರ ಹುಡುಗಿ. ಆ ಸಂಜೆ ಮಾರ್ತಾಂಡ ಹದಿನೇಳು ವರ್ಷದ ಹಿಂದಿನ ಪತ್ರಿಕೆ ತೆಗೆದು, ಮುದುಕಿಯ ಕಿಟಕಿಗೆ ಕೇಳುವ ಹಾಗೆ ಓದಿದ: ‘ಕೃಷ್ಣೆಯಲ್ಲಿ ದೋಣಿ ಮುಗುಚಿ ಹನ್ನೊಂದು ಜನರ ಸಾವು.’ ನಂತರ ಎಂದಿನಂತೆ ತನ್ನ ಒಗ್ಗರಣೆ ಹಾಕಿದ. “ಕೆಂಪು ರುಮಾಲಿನ ಒಬ್ಬ ಗೃಹಸ್ಥ ಇದ್ದನಂತ. ಪುಣೆಯವನಂತ. ಹೆಣ ಸಿಗಲಿಲ್ಲಂತ.”

ಕೃಷ್ಣಾಜಿ ಕಟ್ಟುತ್ತಿದ್ದುದು ಕೆಂಪು ರುಮಾಲು. ತಾರೀಖು ಹೇಳುವ ಮೊದಲೇ ಒಳಗಿನಿಂದ ತುಂಗಾ ಚೀರುವುದು ಕೇಳಿಸಿತು, ಇದು ಇಂದಿನ ಸುದ್ದಿಯೇ ಎಂದು ತಿಳಿದು ಕಟ್ಟೆ ಖಾಲಿಯಾಯಿತು. ಮಾರ್ತಾಂಡ ಪತ್ರಿಕೆ ಮಡಿಸಿದ. ಮುದುಕಿ ಒಂದು ರಾತ್ರಿ ಅಳಲಿ, ರದ್ದಿಯ ಬೆಲೆ ತಿಳಿಯಲಿ, ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಬೆಳಕು ಹರಿಯುವಷ್ಟರಲ್ಲಿ ಕಚೇರಿಯ ಟಾಂಗಾ ಬಂತು. ಶಿರೂರಿನಲ್ಲಿ ಎರಡು ವಾರ ಹೊಲ ಅಳೆಯುವ ಮೋಜಣಿ. ಹೋಗುವಾಗ ಆ ಮನೆಯ ಬಾಗಿಲು ತೆರೆದೇ ಇತ್ತು. ತಲೆ ತಗ್ಗಿಸಿ ದಾಟಿದ.

ಶಿರೂರಿನಲ್ಲಿ ನಾಲ್ಕನೇ ದಿನ ಒಂದು ಕಾರ್ಡು ಬರೆದ. ತೆರೆದ ಕಾರ್ಡು, ಟಪಾಲಿನವನಿಂದ ಹಿಡಿದು ವಾಡೆಯ ಮರಾಠಿ ಮಾಲೀಕನವರೆಗೆ ಎಲ್ಲರೂ ಓದುತ್ತಾರೆ, ಮಾನ ಹೋಗುತ್ತದೆ. ಅದಕ್ಕೆ ವಿಳಾಸವನ್ನಷ್ಟೇ ಮರಾಠಿಯಲ್ಲಿ ಬರೆದು, ಒಳಗಿನ ವಿಷಯವನ್ನು ಕನ್ನಡದಲ್ಲಿ ಬರೆದ. ಆ ಮನೆಯಲ್ಲಿ ಕನ್ನಡ ಓದುವವರಿಲ್ಲ ಎಂಬುದನ್ನು, ಇಷ್ಟು ವರ್ಷ ಅದರ ಮೇಲೇ ಬದುಕಿದವನು, ಆ ಗಳಿಗೆಯಲ್ಲಿ ಮರೆತ. ಹೇಡಿಗೆ ಮರೆವೂ ಅನುಕೂಲಕ್ಕೆ ಬರುತ್ತದೆ.

ಹದಿನೈದನೇ ದಿನ ಅವನು ವಾಡೆಗೆ ಮರಳಿದಾಗ ಬಾವಿಯ ಬಳಿ ಮಡಿ ಹೆಂಗಸಿನ ಕೆಂಪು ಸೀರೆಯ ಸೆರಗನ್ನು ಬೋಳು ತಲೆಗೆ ಎಳೆದುಕೊಂಡು ತುಂಗಾ ನೀರು ಸೇದುತ್ತಿದ್ದಳು.

ಭಾಗೀರಥಿಬಾಯಿ ಹೊರಗಿನ ಹಂಚಿನ ಸಂದಿಯಿಂದ ಕಾರ್ಡು ತೆಗೆದಳು. ಸಾವಿನ ಕಾಗದ ಮನೆಯೊಳಗೆ ಇಡಬಾರದು. “ಊರಿಂದ ಕನ್ನಡದಾಗ ಬಂತು. ಇನ್ನೇನು ಬರದಿರತಾರ, ತಿಳೀತು. ಅಲ್ಲೀತನಕ ನಂಬಿದ್ದಿಲ್ಲರಿ ನಾನು. ಕಾರ್ಡು ಬಂದ ಮ್ಯಾಲೆ ಸ್ನಾನ ಮಾಡಿದ್ವಿ, ಹೆಣ ಇಲ್ಲಂತ ದರ್ಭಿ ಗೊಂಬಿ ಸುಟ್ವಿ, ಹತ್ತನೇ ದಿನಕ್ಕ ಕ್ಷೌರದವನ್ನ ಕರೆಸಿದ್ವಿ. ನೀವೊಮ್ಮೆ ಓದ್ರಿ.”

ತನ್ನ ಅಕ್ಷರವನ್ನೇ ಮಾರ್ತಾಂಡ ಕೈಯಲ್ಲಿ ಹಿಡಿದು ನಿಂತ. ತುಂಗಾ ಕೊಡ ಇಳಿಸಿ ಕೇಳುತ್ತಿದ್ದಳು. ಅವನು ಗಂಟಲು ಸರಿಮಾಡಿಕೊಂಡು ಓದಿದ. ದೂರದ ನೆಂಟರು, ಭಾಳ ದುಃಖ, ದೈವೇಚ್ಛೆ. ಎಲ್ಲೂ ತಡವರಿಸಲಿಲ್ಲ, ಮುದುಕಿ ಬಿಕ್ಕಳಿಸುವಷ್ಟು ಚೆನ್ನಾಗಿ ಓದಿದ. ಅವಳು ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಹಂಚಿನ ಸಂದಿಗೆ ಸಿಕ್ಕಿಸಿದಳು.

ಮೂರನೇ ದಿನ ಕೆಂಪು ರುಮಾಲು ಸುತ್ತಿಕೊಂಡು ಕೃಷ್ಣಾಜಿ ಟಾಂಗಾದಿಂದಿಳಿದ. ಪತ್ರಿಕೆಯವರು ತಪ್ಪು ಮಾಡುತ್ತಾರೆ, ನೆಂಟರೂ ಅದನ್ನೇ ಓದಿ ಬರೆದಿರಬೇಕು ಎಂದು ಮಾರ್ತಾಂಡ ಎಲ್ಲರಿಗಿಂತ ಜೋರಾಗಿ ಬೈದ. ಕರ್ಮ ಮಾಡಿಸಿಕೊಂಡವನು ಮತ್ತೆ ಹುಟ್ಟಿ ಬರಬೇಕೆಂದು ಪುರೋಹಿತರು ವಿಧಿ ಹೇಳಿದರು. ಮೀಸೆ ಹೊತ್ತ ಗಂಡಸನ್ನು ತುಪ್ಪದಲ್ಲಿ ಮೀಯಿಸಿ, ತೊಟ್ಟಿಲ ಅಂಚಿಗೆ ಕೂರಿಸಿ, ಹೆಸರಿಟ್ಟು, ಮುಂಜಿ ಮಾಡಿದರು. ವಾಡೆ ಹೊಟ್ಟೆ ಹಿಡಿದು ನಕ್ಕಿತು. ಇನ್ನುಳಿದದ್ದು ಹೆಂಡತಿಯನ್ನು ಮತ್ತೆ ಮದುವೆಯಾಗುವುದು. ಬೋಳು ತಲೆಗೆ ಬಾಸಿಂಗ ಕಟ್ಟುವುದು ಹೇಗೆ? ಕೂದಲು ಬರುವವರೆಗೆ ತುಂಗಾ ಹಿತ್ತಲ ಕೋಣೆಯಲ್ಲಿರಲಿ, ಗಂಡನ ಕಣ್ಣಿಗೆ ಬೀಳುವುದು ಬೇಡ ಎಂದು ಮುದುಕಿ ತೀರ್ಮಾನಿಸಿದಳು. ಕೃಷ್ಣಾಜಿ ಎದುರಾಡಲಿಲ್ಲ.

ಆ ಕೋಣೆಯ ಬಾಗಿಲ ಹಿಂದಿನಿಂದ ಒಂದು ದಿನ ದನಿ ಬಂತು. “ಕಾಕಾ, ಹೊತ್ತು ಹೋಗವಲ್ದು. ಕನ್ನಡ ಕಲಸ್ರಿ.”

ಮರಾಠಿ ನಾಲ್ಕನೇ ಇಯತ್ತೆ ಓದಿದ ಹುಡುಗಿ, ಚುರುಕಾಗಿದ್ದಳು. ಮಾರ್ತಾಂಡ ಪಾಟಿಯ ಮೇಲೆ ಅಕ್ಷರ ಬರೆದು ಬಾಗಿಲ ಕೆಳಗೆ ಸರಿಸುತ್ತಿದ್ದ, ಅವಳು ತಿದ್ದಿ ಮರಳಿಸುತ್ತಿದ್ದಳು. ಮಾಡಿದ ಪಾಪ ಇಷ್ಟಿಷ್ಟೇ ತೊಳೆದುಹೋಗುತ್ತಿದೆ ಎಂದು ಅವನಿಗೆ ಎದೆ ಹಗುರವಾಯಿತು. ಒತ್ತಕ್ಷರ ಮುಗಿದ ಮೇಲೆ ಅವಳು ಅಂದಳು: “ಇನ್ನ ಅಂಕಿ ಕಲಸ್ರಿ, ಕಾಕಾ.” ಕಲಿಸಿದ.

ದೀಪಾವಳಿ ಕಳೆದು ಕೆಲ ದಿನಕ್ಕೆ, ಕಟ್ಟೆ ತುಂಬಿದ್ದ ಸಂಜೆ, ತುಂಗಾ ಹೊರಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಅರ್ಧ ಬೆರಳುದ್ದದ ಕೂದಲು ನೆಟ್ಟಗೆ ನಿಂತಿತ್ತು. ಕೈಯಲ್ಲಿ ಹಂಚಿನ ಸಂದಿಯ ಕಾರ್ಡಿತ್ತು. ನಿಂತು, ಅಕ್ಷರ ಅಕ್ಷರ ಕೂಡಿಸಿ ಓದಿದಳು.

“ಭಾಗೀರಥಿಬಾಯಿಯವರಿಗೆ ಮಾರ್ತಾಂಡನ ನಮಸ್ಕಾರ. ದೋಣಿಯ ಸುದ್ದಿ ಹದಿನೇಳು ವರ್ಷ ಹಳೆಯದು. ಕೆಂಪು ರುಮಾಲು ನಾನು ಸೇರಿಸಿದ್ದು. ಹುಡುಗಿಗೆ ಏನೂ ಮಾಡಿಸಬೇಡಿರಿ.”

ಅವಳು ಮಾರ್ತಾಂಡನ ಕಡೆ ತಿರುಗಿದಳು.

“ತಾರೀಖು ಕೊನಿಗೆ ಹೇಳಬೇಕಲ್ಲ, ಕಾಕಾ. ಆಗಸ್ಟ ಹನ್ನೆರಡು. ನನ್ನ ತಲಿ ಬೋಳಿಸಿದ್ದು ಇಪ್ಪತ್ತೆರಡಕ್ಕ.”

ಮರುದಿನ ಭಾಗೀರಥಿಬಾಯಿ ಅವನ ಟ್ರಂಕನ್ನು ಬಚ್ಚಲ ಒಲೆಯ ಮುಂದೆ ಸುರುವಿಕೊಂಡು ಕೂತಳು. ಎಂಟು ದಿನ ಇಡೀ ವಾಡೆ ಬಿಸಿನೀರು ಮಿಂದಿತು. ಮಾರ್ತಾಂಡ ಆಗ ಹಳ್ಳಿಯಾಗಿದ್ದ ಕೋಥರೂಡಕ್ಕೆ ಹೋಗಿ ಒಬ್ಬನೇ ಇದ್ದ, ಹಾಳು ಆಯುಷ್ಯ ಮಾತ್ರ ಗಟ್ಟಿಯಿತ್ತು. ನಲವತ್ತೇಳರ ಆಗಸ್ಟಿನಲ್ಲಿ ಯಾರೋ ಓಡಿ ಬಂದು ಪತ್ರಿಕೆಯನ್ನು ಅವನ ಕೈಗಿಟ್ಟು, ದೊಡ್ಡಕ್ಷರದ್ದನ್ನು ಜೋರಾಗಿ ಓದಲು ಹೇಳಿದರು. ಮುದುಕ ಕನ್ನಡಕ ಏರಿಸಿ ತಾರೀಖನ್ನು ಎರಡು ಸಲ ಓದಿ, ಪತ್ರಿಕೆ ಮಡಿಸಿ ಮರಳಿ ಕೊಟ್ಟ.