ಏರಿಸಿದ ಕೋಡಿ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ "ಕೆರೆದಂಡೆ ಡಿಸೈನ್ ಮಾಡ್ತೀನಿ" ಎಂದು ಜಂಬದಿಂದ ಹೇಳುತ್ತಿದ್ದೆ. ಈಗ "ಡ್ರಾಯಿಂಗ್ ಕೆಲಸ" ಎಂದು ಹೇಳಿ ಮಾತು ಬದಲಿಸುತ್ತೇನೆ. ವಿನಯ ಗಿನಯ ಏನಲ್ಲ. ಯಲಹಂಕ ದಾಟಿ ರಾಜಾನುಕುಂಟೆಯ ಕಡೆ ಹೋಗುವಾಗ ಸಿಗುವ ಒಂದು ಕೆರೆಯ ಹತ್ತಿರ ಆ ಜಂಬ ಇಳಿದುಹೋಯಿತು.

ಮತ್ತಿಕೆರೆಯ ನಮ್ಮ ಸಣ್ಣ ಆಫೀಸಿನಲ್ಲಿ ಇರುವುದು ಐದಾರು ಜನ. ಆ ಕೆರೆಯ ಕೆಲಸ ಬಂದಾಗ ವರದಿಯ ರಟ್ಟಿನ ಮೇಲೆ "ಹವಾಮಾನ ವೈಪರೀತ್ಯ ತಾಳಿಕೊಳ್ಳುವ ಕೆರೆದಂಡೆ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವಳು ನಾನೇ. ಒಳಗಿದ್ದದ್ದು ವಾಕಿಂಗ್ ಪಾತ್, ಕಲ್ಲಿನ ಬೆಂಚು, ಜೊಂಡು ಬೆಳೆಸುವ ಜಾಗ, ಹಕ್ಕಿಗಳಿಗೊಂದು ನಡುಗಡ್ಡೆ. ಕೋಡಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿಯೇ ಇತ್ತು.

ಕೋಡಿ ಎಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯುವ ಕಟ್ಟೆ. ಹಳೆಯ ಕೋಡಿ ತಗ್ಗಿನಲ್ಲಿತ್ತು. ಬೇಸಿಗೆಯಲ್ಲಿ ದಂಡೆಯ ಸುತ್ತ ಕೆಸರು ಕಾಣುತ್ತದೆ, ವಾಸನೆ ಬರುತ್ತದೆ, ವರ್ಷವಿಡೀ ಕೆರೆ ತುಂಬಿರಬೇಕು ಎಂದು ಸುತ್ತಲಿನ ಲೇಔಟುಗಳ ಸಮಿತಿಯವರು ಹಟ ಹಿಡಿದರು. ನಾನು ಕೋಡಿಯನ್ನು ಒಂದೂವರೆ ಅಡಿ ಏರಿಸಿ ಬರೆದೆ. ಕಂಪ್ಯೂಟರಿನಲ್ಲಿ ಅದು ಎರಡು ನಿಮಿಷದ ಕೆಲಸ. ನೀರು ಎಲ್ಲಿಯವರೆಗೆ ಹರಡುತ್ತದೆ ಎಂದು ನೋಡಿಯೂ ಇದ್ದೆ, ಆದರೆ ಬೇಲಿಯವರೆಗೆ ಮಾತ್ರ. ನಮಗೆ ಕೊಟ್ಟ ನಕ್ಷೆ ಕೆರೆಯ ಬೇಲಿಗೆ ಮುಗಿಯುತ್ತಿತ್ತು. ಅದರಾಚೆ ಬರೀ ಬಿಳಿ ಕಾಗದ.

ನಕ್ಷೆಯಲ್ಲಿ ಬಿಳಿ ಕಂಡ ಕಡೆ ಏಳೆಂಟು ಶೀಟಿನ ಮನೆಗಳಿದ್ದವು. ಅಲ್ಲಿನ ಒಬ್ಬ ಹೆಂಗಸು, ನಾವು ಅಳತೆ ಮಾಡುತ್ತಿದ್ದ ದಿನಗಳಲ್ಲಿ ನಮಗೆ ಟೀ ಮಾಡಿ ತರುತ್ತಿದ್ದರು. ಒಂದು ದಿನ ಲೋಟ ವಾಪಸು ತೆಗೆದುಕೊಳ್ಳುತ್ತಾ ಕೇಳಿದರು.

"ಕೋಡಿ ಏರಿಸ್ತಾರಂತಲ್ಲ ಮೇಡಂ. ನೀರು ನಮ್ಮನೆ ಕಡೀಕೆ ಬರಾಕಿಲ್ವಾ? ನಮ್ಮತ್ತೆಗೆ ಮಂಚ ಬಿಟ್ಟು ಏಳಾಕಾಗಲ್ಲ."

"ಬರಲ್ಲಮ್ಮ, ಎಲ್ಲಾ ಲೆಕ್ಕ ಹಾಕಿದೀವಿ. ಧೈರ್ಯವಾಗಿರಿ," ಎಂದೆ. ಏನಾದರೂ ಇದ್ದರೆ ಫೋನ್ ಮಾಡಿ ಎಂದು ನಂಬರನ್ನೂ ಕೊಟ್ಟೆ. ಬೇಲಿ ದಾಟಿ ನೂರು ಹೆಜ್ಜೆ ನಡೆದು ನೋಡಿದ್ದರೆ ಸಾಕಿತ್ತು. ಬಿಸಿಲಿತ್ತು, ಹೊಟ್ಟೆ ಹಸಿದಿತ್ತು, ಹೋಗಲಿಲ್ಲ. ಇವತ್ತಿಗೂ ನನಗೆ ನಾಚಿಕೆಯಾಗುವುದು ಏರಿಸಿದ ಕೋಡಿಗಿಂತ ಹೆಚ್ಚಾಗಿ ಆ ನೂರು ಹೆಜ್ಜೆಯ ಬಗ್ಗೆ.

ಹೊಸ ಕೋಡಿ ಕಟ್ಟಿದ ಮೊದಲ ವರ್ಷ ಕೆರೆ ತುಂಬಿ ಬೇಸಿಗೆಯವರೆಗೂ ಹಾಗೇ ನಿಂತಿತು. ಸಮಿತಿಯವರು ಬೆನ್ನು ತಟ್ಟಿದರು. ನಾನೂ ಭಾನುವಾರ ಯಾರನ್ನಾದರೂ ಕರೆದುಕೊಂಡು ಹೋಗಿ ತೋರಿಸಿ ಬರುತ್ತಿದ್ದೆ.

ಮರುವರ್ಷದ್ದು ಬೇರೆ ಕತೆ. ಈಗಿನ ಮಳೆಗೆ ಹದ ಎಂಬುದಿಲ್ಲ. ವಾರಗಟ್ಟಲೆ ಕೈಕೊಟ್ಟು ಒಂದೇ ಮಧ್ಯಾಹ್ನ ಎಲ್ಲವನ್ನೂ ಸುರಿದು ಹೋಗುತ್ತದೆ. ಇದನ್ನೇ ವರದಿಯಲ್ಲಿ ನಾಲ್ಕು ಪುಟ ಬರೆದಿದ್ದೆ. ಆದರೆ ಆ ಮಧ್ಯಾಹ್ನದ ಹೊತ್ತಿಗೆ ಕೆರೆ ಆಗಲೇ ಕಂಠಪೂರ್ತಿ ತುಂಬಿತ್ತು, ಹೊಸ ನೀರಿಗೆ ಜಾಗವಿರಲಿಲ್ಲ.

"ಮೇಡಂ, ನೀರು ಒಳಕ್ಕೇ ಬಂದ್ಬುಡ್ತು," ಎಂದು ಆಕೆ ಫೋನ್ ಮಾಡಿದರು. ಹೆಬ್ಬಾಳದಲ್ಲಿ ಗಾಡಿಗಳ ನಡುವೆ ಸಿಕ್ಕಿಹಾಕಿಕೊಂಡು, ಅಂತೂ ನಾನು ಆ ಮನೆ ಮುಟ್ಟಿದಾಗ ನೀರು ಮೊಣಕಾಲಿನವರೆಗೆ ಇತ್ತು. ಮಂಚ ಒದ್ದೆಯಾಗಿತ್ತು. ಅತ್ತೆಯನ್ನು ಎತ್ತಿ ಅಡುಗೆಮನೆಯ ಕಟ್ಟೆಯ ಮೇಲೆ, ಗ್ಯಾಸ್ ಒಲೆಯ ಪಕ್ಕ ಕೂರಿಸಿದ್ದರು. ಆಕೆಯ ಗಂಡ ತಾಯಿಯನ್ನು ಬೀಳದಂತೆ ಹಿಡಿದುಕೊಂಡು ನಿಂತಿದ್ದರು. ಅತ್ತೆ ಚಳಿಗೆ ನಡುಗುತ್ತಿದ್ದರು. ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಸಮಿತಿಯ ಮುಂದಿನ ಸಭೆಯಲ್ಲಿ ನಾನೇ ಎದ್ದು ನಿಂತೆ. ಕೋಡಿಯನ್ನು ಮೊದಲಿನ ಮಟ್ಟಕ್ಕೆ ಇಳಿಸಬೇಕು, ಕೆರೆಯಲ್ಲಿ ಮಳೆಗೆ ಜಾಗ ಬಿಡಬೇಕು ಎಂದೆ. ದಿನಾ ಕೆರೆಗೆ ಎರಡು ಸುತ್ತು ಬರುವ ಹಿರಿಯರೊಬ್ಬರು ಮುಖ ಸಿಂಡರಿಸಿದರು. "ಮತ್ತೆ ಆ ಕೆಸರು ನೋಡ್ಬೇಕಾ ಮೇಡಂ? ಅಷ್ಟಕ್ಕೂ ಆ ಮನೆಗಳು ಅಲ್ಲಿ ಇರ್ಲೇಬಾರ್ದಾಗಿತ್ತು." ಆ ಮನೆಗಳು ಇವರ ಲೇಔಟಿಗಿಂತ ಹಳೆಯವು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಬಾಸ್ ನನ್ನ ಕಡೆ ಬಾಗಿದರು. "ನಮ್ಮ ಡ್ರಾಯಿಂಗೇ ತಪ್ಪು ಅಂತ ನಾವೇ ಬರ್ಕೊಡೋಕಾಗತ್ತಾ? ಕೂತ್ಕೊಳಿ."

ಕೂತೆ. ಹೌದು, ಕೂತುಬಿಟ್ಟೆ. ಆಮೇಲೆ ಸಮಿತಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ.

ಮಳೆಗಾಲ ಮತ್ತೆ ಹತ್ತಿರ ಬಂದಾಗ ಆ ಮನೆಗೆ ಹೋದೆ. ಆಕೆ ಅಂಗಳ ಗುಡಿಸುತ್ತಿದ್ದರು.

"ಕೋಡಿ ಇಳಿಸ್ತಾರಾ ಮೇಡಂ?"

"ಇಲ್ಲಮ್ಮ."

ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿದರು. "ಅಂಗಾದ್ರೆ ಈ ಸಲ ನೀರು ಎಲ್ಲಿಗಂಟ ಬತ್ತದೆ, ಗೋಡೆ ಮ್ಯಾಲೆ ಒಂದು ಗೆರೆ ಎಳ್ದು ಕೊಡಿ. ಮಂಚ ಅದ್ರಿಂದ ಮ್ಯಾಕೆ ಎತ್ತಿ ಮಡಗ್ತೀವಿ," ಎಂದರು.

ಕೆರೆಯ ನೀರಿನ ಅಂಚಿನಿಂದ ಮನೆಯವರೆಗೆ, ಗಾರೆಯವರು ಮಾಡುವ ಹಾಗೆ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ಹಿಡಿದೆ. ಅದರ ಮೇಲೆ ದೊಡ್ಡ ಮಳೆಗೆ ಏರಬಹುದಾದಷ್ಟು ಕೂಡಿಸಿದೆ. ಗೆರೆ ನನ್ನ ತೊಡೆಯ ಎತ್ತರಕ್ಕೆ ಬಂತು. ತಪ್ಪಾಗಿರಲಿ ಎಂದು ಬೇಡಿಕೊಂಡು ಇನ್ನೊಮ್ಮೆ ಅಳೆದೆ. ಅಲ್ಲಿಗೇ ಬಂತು. ಆಕೆಯ ಗಂಡ ಸಿಮೆಂಟ್ ಬ್ಲಾಕುಗಳನ್ನು ತಂದು ಒಂದರ ಮೇಲೊಂದು ಪೇರಿಸಿದರು. ನಾವು ಮೂವರೂ ಸೇರಿ ಮಂಚವನ್ನು ಅದರ ಮೇಲೆ ಕೂರಿಸಿ, ಅತ್ತೆಯನ್ನು ನಿಧಾನವಾಗಿ ಎತ್ತಿ ಮಲಗಿಸಿದೆವು.

ಇಷ್ಟು ವರ್ಷ ಅವರ ತಲೆಯ ಮೇಲೆಲ್ಲೋ ಇದ್ದ ಕಿಟಕಿ ಈಗ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಅವರು ಕತ್ತು ಹೊರಳಿಸಿ ಹೊರಗೆ ನೋಡಿದರು. ನೋಡುತ್ತಲೇ ಇದ್ದರು. ಅವರ ಕಣ್ಣಲ್ಲಿ ನೀರಾಡಿತು.

"ಅಯ್ಯೋ ಶಿವನೇ, ಕೆರೆ ತುಂಬೈತಲ್ಲವ್ವ! ಬ್ಯಾಸಗೇಲೂ ತುಂಬೈತಲ್ಲ! ಯಾವ ಪುಣ್ಯಾತ್ಮರು ಮಾಡಿದ್ರೋ, ಅವ್ರ ಹೊಟ್ಟೆ ತಣ್ಣಗಿರ್ಲಿ."

ಸೊಸೆ ನನ್ನನ್ನೊಮ್ಮೆ ನೋಡಿದರು. ಆ ನೋಟದಲ್ಲಿ ಕೊಂಕಿರಲಿಲ್ಲ, ಬರೀ ದಣಿವಿತ್ತು.

"ಇವ್ರೇ ಕಣತ್ತೆ," ಎಂದರು.

ಅತ್ತೆ ನನ್ನ ಕಡೆ ತಿರುಗಿ, ಹೊದಿಕೆಯೊಳಗಿನಿಂದ ಎರಡೂ ಕೈ ಹೊರತೆಗೆದು ನನಗೆ ಮುಗಿದರು.