ಜೋಳದ ಊರು ಮುಚ್ಚಿಡದವಳು

ಬೈಲಹೊಂಗಲದ ನಮ್ಮ ಓಣಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದ ಅಕ್ಕನಿಗೆ ಒಂದು ಚಟವಿತ್ತು. ಒಳ್ಳೆಯ ಜೋಳ ಎಲ್ಲಿ ಸಿಕ್ಕಿತೆಂದು ಎದುರುಮನೆಯ ರೊಟ್ಟಿಯವಳಿಗೂ ಕೂಗಿ ಹೇಳಿಬಿಡುತ್ತಿದ್ದಳು. ಯಾರಾದರೂ ಆಕ್ಷೇಪಿಸಿದರೆ ಹಿಟ್ಟಿನ ಕೈ ಝಾಡಿಸಿ, "ಹೇಳಿದ್ರ ನಂದೇನ ಸವೀತೈತ್ರಿ?" ಎನ್ನುತ್ತಿದ್ದಳು.

ಒಮ್ಮೆ ಹುಬ್ಬಳ್ಳಿಯ ದೊಡ್ಡ ವ್ಯಾಪಾರಿಯೊಬ್ಬ ವರ್ಷವಿಡೀ ಅವಳ ರೊಟ್ಟಿ ಕೊಳ್ಳುವ ಕರಾರು ಮಾಡಿಕೊಳ್ಳಲು ಬಂದ. ಅವನದು ಒಂದೇ ಷರತ್ತು: "ಜೋಳ ಎಲ್ಲಿಂದ ತರ್ತೀರಿ ಅನ್ನೂದು ಯಾರಿಗೂ ಹೇಳಬ್ಯಾಡ್ರಿ."

ಅಕ್ಕ ಎದ್ದು ಬಾಗಿಲಿಗೆ ಹೋದಳು. "ತಂಗೀ, ಚಚಡಿ ಊರಾಗ ಹೊಸಾ ಜೋಳ ಬಂದೈತಿ. ಹಿಟ್ಟಿಗೆ ಛಲೋ ಜಿಗಿ ಐತಿ, ರೊಟ್ಟಿ ಬಡದ್ರ ಹರಿಯೂದಿಲ್ಲ. ಲಗೂನ ತರಸು!" ಎಂದು ಎದುರುಮನೆಗೆ ಕೂಗಿದಳು.

ವ್ಯಾಪಾರಿ ಸಿಟ್ಟಾದ. "ಹಿಂಗಾದ್ರ ನಮ್ಮ ವ್ಯವಹಾರ ಕುದರೂದಿಲ್ಲ."

ಅಕ್ಕ ಕೈ ಝಾಡಿಸಿದಳು. "ಹ್ವಾದ ಮಳಿಗಾಲದಾಗ ನನ್ನ ಜೋಳಕ್ಕ ನುಸಿ ಹತ್ತಿದಾಗ, ದೊಡವಾಡದಾಗ ಛಲೋ ಜೋಳ ಐತಿ ಅಂತ ಹೇಳಿದಾಕಿ ಈ ಎದುರುಮನಿಯಾಕೀನ. ನೀವು ಹೋಗಿ ಬರ್ರಿ."