ಅಥಣಿಯ ಕೂಟಕ್ಕೆ ಕಾಗವಾಡದ ಪ್ರತಿನಿಧಿ

ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸು ಹತ್ತಿದಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ, ಸಂಕ್ರಾಂತಿಯ ಆಸುಪಾಸಿನ ಚಳಿ. ತಂಬಾಕಿನ ಗೋದಾಮುಗಳ ಘಾಟು ಮೂಗಿಗೆ ಹೊಡೆದು ಜೋರಾಗಿ ಸೀನಿದೆ. ಜೊತೆಗಿದ್ದ ಯಾಕೋಬಪ್ಪ ಕಾಕಾ ಅಲ್ಲೇ ನಿಂತುಬಿಟ್ಟರು.

"ಬಾಯಾರ, ಸೀನು ಬಂತಲ್ರಿ. ಜರಾ ಕುಂತು ಹೋಗೂನೇನು?"

"ಸೀನಿಗೆ ಹೆದರೋರು ದೇವರ ಕೆಲಸಕ್ಕ ಹೊಂಡಬಾರದ್ರಿ ಕಾಕಾ. ಹತ್ರಿ ಮ್ಯಾಲ" ಎಂದೆ. ನಗುತ್ತ ಹತ್ತಿದರು. ಯಾಕೋಬಪ್ಪ ನಮ್ಮ ನಿಪ್ಪಾಣಿಯ ಲೂಥರನ್ ಸಭೆಯ ಹಿರಿಯರು. ನಾನು ಊರಿನ ಹೆಣ್ಣುಮಕ್ಕಳ ಶಾಲೆಯ ಮಾಸ್ತರಿಣಿ, ರತ್ನಾಬಾಯಿ. ಅಥಣಿಯಲ್ಲಿ ಸೇರುವ ವಾರ್ಷಿಕ ಕೂಟಕ್ಕೆ ನಮ್ಮಿಬ್ಬರನ್ನೂ ಊರಿನವರು ಆರಿಸಿ ಕಳಿಸಿದ್ದರು. ಹೆಂಗಸನ್ನು ಆರಿಸಿದ್ದು ಅದೇ ಮೊದಲು. ಹಾಗಾಗಿ ನನ್ನ ಜಂಬವೇನೂ ಕಡಿಮೆ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ನಮ್ಮಲ್ಲಿ ಐದು ಊರಿನ ಸಭೆಗಳಿಗೆ ಒಬ್ಬರೇ ಪಾಲಕರು, ಅಂದರೆ ಪಾದ್ರಿಗಳು: ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ. ಆ ಪಾಲಕರು ವಯಸ್ಸಾಗಿ ನಿವೃತ್ತರಾಗಿದ್ದರು. ಹೊಸಬರು ಬರುವವರೆಗೆ ಕಾಗವಾಡದ ಪ್ರಾರ್ಥನಾ ಮಂದಿರವನ್ನು ಮುಚ್ಚಿ, ಅಲ್ಲಿಯ ಜನ ಭಾನುವಾರ, ನಗರದ ಪಾಲಕರೊಬ್ಬರು ಬಂದುಹೋಗುವ ಅಥಣಿಗೇ ಬರಲಿ ಎಂಬ ಪ್ರಸ್ತಾವವನ್ನು ಮೇಲಿನ ಸಮಿತಿ ಕೂಟದ ಮುಂದಿಟ್ಟಿತ್ತು. ಹೊಸಬರು ಬರುವವರೆಗೆ ಅನ್ನುವುದು ಬಾಯಿಮಾತು. ಒಮ್ಮೆ ಬಿದ್ದ ಬೀಗ ತೆಗೆಯುವವರು ಯಾರು? ಕೂಲಿಯವರು, ಮುದುಕಿಯರು ವಾರವಾರ ಬಸ್ಸು ಹತ್ತಿ ಅಥಣಿಗೆ ಹೋಗುವುದು ಆಗದ ಮಾತು. ಕಾಗವಾಡದವರು ಹಿಂದಿನ ಎರಡು ಕೂಟಗಳಿಗೂ ಪ್ರತಿನಿಧಿಯನ್ನೇ ಕಳಿಸಿರಲಿಲ್ಲ. ಈ ಸಲವೂ ತಪ್ಪಿದರೆ, ನಿಯಮದ ಪ್ರಕಾರ, ಅವರನ್ನು ಕೇಳದೆಯೇ ತೀರ್ಮಾನ ಮಾಡಬಹುದಿತ್ತು. ಅದಕ್ಕೇ ನಾವು ನೆಟ್ಟಗೆ ಅಥಣಿಗೆ ಹೋಗದೆ, ಒಂದು ದಿನ ಮೊದಲೇ ಹೊರಟು ಕಾಗವಾಡದ ದಾರಿ ಹಿಡಿದಿದ್ದೆವು.

ಚಿಕ್ಕೋಡಿಯಲ್ಲಿ ಇಳಿದಾಗ ಬಿಸಿಲು ಹಿತವಾಗಿತ್ತು. ಸ್ಟ್ಯಾಂಡಿನೆದುರಿನ ಹೋಟೆಲಿನಲ್ಲಿ ಖಾರದ ಮಿಸಳ್ ತಿಂದೆವು. ಕಾಕಾ ಕಣ್ಣು ಮೂಗಲ್ಲಿ ನೀರು ಸುರಿಸಿಕೊಂಡು ಇನ್ನೊಂದು ಪ್ಲೇಟು ಹೇಳಿದರು. ಅಲ್ಲಿಗೇ ಚಿಕ್ಕೋಡಿ ಸಭೆಯ ಹಿರಿಯರೊಬ್ಬರು ಬಂದು ಕೂತರು. ನಾವು ಕಾಗವಾಡಕ್ಕೆ ಹೊರಟಿದ್ದೇವೆ ಎಂದು ಕೇಳಿ ತಲೆ ಅಲ್ಲಾಡಿಸಿದರು.

"ಅವರ ಗೊಡವಿ ಯಾಕ್ರಿ ಬಾಯಾರ? ಅಗದೀ ಸಂಭಾವಿತ ಮಂದಿ ಖರೆ, ಆದ್ರ ಏನ ಕೇಳಿದ್ರೂ ಪ್ರಾರ್ಥನಾ ಮಾಡೂನು ಅಂತಾರ. ಉತ್ತರಾ ಅಂತೂ ಕೊಡೂದಿಲ್ಲ."

"ಕೊಡೂತನಕ ನಾನೂ ಅಲ್ಲೇ ಕೂಡ್ತೀನ್ರಿ" ಎಂದೆ.

"ಕುಂದರ್ರಿ, ಕುಂದರ್ರಿ. ನಾಳೆ ಕೂಟಾ ಮುಗದ ಮ್ಯಾಲ ಬಂದು ನಿಮ್ಮನ್ನ ಕರಕೊಂಡು ಹೋಗ್ತೇವಿ" ಎಂದು ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ರಾಯಬಾಗಕ್ಕೆ ಮತ್ತೊಂದು ಬಸ್ಸು. ಸ್ಟೇಷನ್ನು ಊರಿಂದ ದೂರ, ಟಾಂಗಾ ಮಾಡಿಕೊಂಡು ಹೋಗಿ ಮಿರಜ್ ಕಡೆಯ ಪ್ಯಾಸೆಂಜರ್ ಹಿಡಿದೆವು. ಟಿಕೀಟು ಅಗ್ಗ, ಕೂಡಲು ಜಾಗ ಮಾತ್ರ ಇಲ್ಲ. ಪೇರಲ ಬುಟ್ಟಿಯ ಮುದುಕಿಯೊಬ್ಬಳು "ಬಾ ಯವ್ವಾ, ಒತ್ತರಿಸಿಕೊಂಡು ಕುಂದರು" ಎಂದು ಸರಿದು ಕೂತಳು. ಕುಡಚಿ ದಾಟಿ ಕೃಷ್ಣೆಯ ಸೇತುವೆಯ ಮೇಲೆ ಗಾಡಿ ನಿಧಾನವಾದಾಗ ಡಬ್ಬಿಯಲ್ಲಿದ್ದವರೆಲ್ಲ ಕೈಮುಗಿದು ನದಿಗೆ ಚಿಲ್ಲರೆ ಎಸೆದರು. ಉಗಾರದ ಕಡೆ ಕಬ್ಬಿನ ಗಾಡಿಗಳು ಸಾಲು ಹಿಡಿದು ನಿಂತಿದ್ದವು, ಗಾಳಿಯೆಲ್ಲ ಬೆಲ್ಲದ ವಾಸನೆ. ಕಾಕಾ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆದರು. ಶೇಡಬಾಳದಲ್ಲಿ ನಾನು ಅವರ ತೋಳು ಹಿಡಿದು ಎಬ್ಬಿಸದಿದ್ದರೆ ಮಿರಜ್‌ನಲ್ಲೇ ಕಣ್ಣು ಬಿಡುತ್ತಿದ್ದರು.

ಶೇಡಬಾಳದಿಂದ ಕಾಗವಾಡಕ್ಕೆ ಕಬ್ಬು ಇಳಿಸಿ ಮರಳುತ್ತಿದ್ದ ಚಕ್ಕಡಿಯೊಂದು ಸಿಕ್ಕಿತು. ಊರ ಅಂಚಿನಲ್ಲಿ ಆ ಮಂದಿರ: ಹಂಚಿನ ಮಾಡು, ಸುಣ್ಣದ ಗೋಡೆ, ಬಾಗಿಲ ಮೇಲೆ ಕಟ್ಟಿಗೆಯ ಶಿಲುಬೆ. ಅಲ್ಲಿಯವರ ಬಾಯಲ್ಲಿ ಅದು ಗುಡಿಯೇ. ಗೋಡೆಯ ಕಲ್ಲನ್ನು ಗಂಡಸರು ಹೊತ್ತಿದ್ದರಂತೆ, ನೆಲವನ್ನು ಹೆಂಗಸರು ಬಡಿದು ಸಾರಿಸಿದ್ದರಂತೆ. ನಮ್ಮನ್ನು ಕಂಡು ಬಾಗಿಲು ತೆಗೆದವಳು ಮಾರ್ಥವ್ವ. ಎರಡು ಎಮ್ಮೆ ಕಟ್ಟಿ ಹಾಲು ಮಾರುವ ಗಟ್ಟಿಮುಟ್ಟಾದ ಹೆಂಗಸು, ಆ ಗುಡಿಯ ಕಸ ಹೊಡೆಯುವವಳೂ ಅವಳೇ, ಹಾಡು ಎತ್ತುವವಳೂ ಅವಳೇ. ಬಿಸಿ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಒಂದು ಮುದ್ದೆ ಬೆಣ್ಣೆ ಹಾಕಿ ಕೊಟ್ಟಳು. ಅಂಥ ಬೆಣ್ಣೆ ಮತ್ತೆ ತಿಂದಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಡಿ ತುಂಬಿತು. ಕಬ್ಬು ಕಡಿದು ಬಂದವರು, ಗೋಡೆ ಕಟ್ಟುವ ಗೌಂಡಿಗಳು, ಸೊಂಟದ ಮೇಲೆ ಕೂಸು ಹೊತ್ತವರು. ಕಾಕಾ ಎದ್ದು ನಿಂತು ಬಂದ ಕಾರಣ ಬಿಡಿಸಿ ಹೇಳಿದರು. "ನಾಳೆ ನಿಮ್ಮ ಪರವಾಗಿ ಅಥಣಿಗೆ ಯಾರು ಬರ್ತೀರಿ, ನೀವ ಆರಿಸಿ ಹೇಳ್ರಿ."

ಎಲ್ಲರೂ ತಲೆ ತಗ್ಗಿಸಿದರು. ಕಣ್ಣು ಮುಚ್ಚಿದರು. ಸಿಮಿಯೋನಪ್ಪನೆಂಬ ಮುದುಕ ಮೆಲ್ಲಗೆ ಪ್ರಾರ್ಥನೆ ಶುರು ಮಾಡಿದ. ಪ್ರಾರ್ಥನೆ ಮುಗಿಯಿತು, ಆಮೆನ್ ಆಯಿತು. ಕಾಕಾ ಮತ್ತೆ ಕೇಳಿದರು. ಮತ್ತೆ ತಲೆ ತಗ್ಗಿದವು, ಈ ಸಲ ಇನ್ನೊಬ್ಬ ಪ್ರಾರ್ಥನೆ ಎತ್ತಿದ. ಮೂರನೆಯದಕ್ಕೆ ನನ್ನ ತಾಳ್ಮೆ ಕಿತ್ತುಹೋಯಿತು.

"ನಿಮ್ಮ ಗುಡಿಗೆ ಬೀಗಾ ಹಾಕಾಕತ್ಯಾರ! ಒಂದು ಮಾತು ಆಡಾಕ ಏನ್ ಧಾಡಿ ನಿಮಗ?" ಎಂದುಬಿಟ್ಟೆ. ಕಾಕಾ ನನ್ನ ಸೆರಗು ಜಗ್ಗಿದರು. ನಾನು ಕೂಡಲಿಲ್ಲ.

ಮಾರ್ಥವ್ವ ಮೆತ್ತಗೆ ಹೇಳಿದಳು: "ಸಿಟ್ಟಾಗಬ್ಯಾಡ್ರಿ ಬಾಯಾರ. ಒಬ್ಬರು ಹೌದು ಅನ್ನೂದು, ಇನ್ನೊಬ್ಬರು ಅಲ್ಲ ಅನ್ನೂದು, ಅದು ಜಗಳ ಅಲ್ಲೇನ್ರಿ? ಜಗಳಾಡಿ ಕರ್ತನ ಮೇಜಿಗೆ ರೊಟ್ಟಿ-ದ್ರಾಕ್ಷಾರಸಾ ತಗೊಳ್ಳಾಕ ಹ್ಯಾಂಗ ಹೋಗೂದ್ರಿ? ಅದಕ್ಕ ನಮ್ಮ ಹಿರ್‍ಯಾರು ಇಂಥಾದ್ದಕ್ಕ ಬಾಯಿ ಹಾಕಬಾರದಂತ ಕಲಿಸ್ಯಾರ. ದೊಡ್ಡವ್ರು ಏನ ಮಾಡಿದ್ರೂ ದೇವರ ಚಿತ್ತಾ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಎರಡು ವರ್ಷ ಇವರು ಬಾರದಿದ್ದದ್ದು ಸೋಮಾರಿತನದಿಂದ ಎಂದುಕೊಂಡಿದ್ದೆ. ಇವರು ಭಕ್ತಿಯಿಂದಲೇ ಮನೆಯಲ್ಲಿ ಕೂತಿದ್ದರು! ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಮಾರ್ಥವ್ವಾ, ನಿನ್ನ ಮಗಳ ಲಗ್ನಾ ಗೊತ್ತು ಮಾಡೂಮುಂದ ನೀ ಸುಮ್ನ ಕುಂತಿದ್ದೇನು?"

"ಅದೆಂಗ ಕೂಡ್ತಾರ್‍ರಿ? ಮೂರು ದಿನಾ ನಮ್ಮನಿಯವರ ಕೂಡ ವಾದಾ ಮಾಡೀನಿ."

"ವಾದಾ ಮಾಡಿದ ಮ್ಯಾಲ ಅವರ ತಾಟಿಗೆ ರೊಟ್ಟಿ ಹಾಕಲಿಲ್ಲೇನು?"

ಹೆಂಗಸರೆಲ್ಲ ಕಿಸಕ್ಕೆಂದು ನಕ್ಕರು. "ಹಾಕಿದ್ನಿರಿ" ಎಂದಳು ಮಾರ್ಥವ್ವ, ನಾಚಿಕೊಂಡು.

"ಇದೂ ನಿನ್ನ ಮನೀನ. ದೇವರು ದೀಕ್ಷಾಸ್ನಾನ ಕೊಟ್ಟಾಗ ನಿಮ್ಮ ತಲಿ ಅಷ್ಟ ತೋಯಿಸಿಲ್ಲ, ಈ ಮನೀ ಕೆಲಸಾನೂ ಕೊಟ್ಟಾನ. ಪಾಲಕರಿಗೆ ಅಷ್ಟ ಅಲ್ಲ, ಎಲ್ಲಾರಿಗೂ. ನಮ್ಮ ಸಭಾದಾಗ ಸಣ್ಣವರಿದ್ದಾಗಿಂದ ಇದನ್ನ ಕಲಿಸ್ತಾರ, ಹೌದಿಲ್ಲೋ? ಕೇಳಿದಾಗ ಹೌದು, ಅಲ್ಲ ಅಂತ ಹೇಳೂದು ಆ ಕೆಲಸದಾಗ ಒಂದು."

 ಮಾರ್ಥವ್ವ ಕೇಳಿದಳು: "ಕಣ್ಣ ಮುಚ್ಚಿಕೊಂಡು ಕೈ ಎತ್ತಿದ್ರ ನಡೀತೈತೇನ್ರಿ? ಯಾರಿಗೂ ಯಾರ ಮ್ಯಾಲೂ ಮನಸು ಕೆಡಬಾರದು."

ಕಾಕಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಡೆಯದೆ ಏನು! ಎರಡು ಹೆಸರು ಬಂದವು, ಸಿಮಿಯೋನಪ್ಪನದು ಮತ್ತು ಮಾರ್ಥವ್ವನದು. ಎಲ್ಲರೂ ಕಣ್ಣು ಬಿಗಿಯಾಗಿ ಮುಚ್ಚಿದರು. ಸಿಮಿಯೋನಪ್ಪನ ಹೆಸರು ಹೇಳಿದಾಗ ಒಂದೇ ಒಂದು ಕೈ ಮೇಲೆದ್ದಿತು, ಅದು ಮಾರ್ಥವ್ವನದು. ಅವಳ ಹೆಸರು ಹೇಳಿದಾಗ ಸಿಮಿಯೋನಪ್ಪನದೂ ಸೇರಿ ಮಿಕ್ಕ ಎಲ್ಲ ಕೈಗಳೂ ಎದ್ದವು. ಕಣ್ಣು ಬಿಟ್ಟು ಫಲಿತಾಂಶ ಕೇಳಿದ ಮಾರ್ಥವ್ವ "ಅಯ್ಯಯ್ಯ, ನನ್ನ ಎಮ್ಮಿ ಹಿಂಡಾವ್ರು ಯಾರು?" ಎಂದು ಎದೆ ಹಿಡಿದುಕೊಂಡಳು. ಪಕ್ಕದ ಮನೆಯ ಮೆಹಬೂಬಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ನೀ ಹೋಗಬೇ. ದೇವರ ಕೆಲಸ ಐತಿ, ಎಮ್ಮಿ ನಾ ನೋಡ್ಕೋತೀನಿ" ಎಂದಳು.

ಮರುದಿನ ಬೆಳಿಗ್ಗೆ ಅಥಣಿಯ ಬಸ್ಸಿನಲ್ಲಿ ಮಾರ್ಥವ್ವ ಹಸಿರು ಇಳಕಲ್ ಸೀರೆ ಉಟ್ಟು ನನ್ನ ಪಕ್ಕ ಕೂತಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಅವಳ ಕೈ ಹಿಡಿದುಕೊಂಡೆ. ನನಗೂ ಹೆದರಿಕೆ. ಎಳೆದುಕೊಂಡು ಬಂದವಳು ನಾನು, ಅಲ್ಲಿ ಇವಳ ಬಾಯಿ ಕಟ್ಟಿದರೆ?

ಅಥಣಿಯ ಚರ್ಚಿನಲ್ಲಿ ಕೂಟ ಸೇರಿತು. ಎಲ್ಲಕ್ಕಿಂತ ದೊಡ್ಡ ಸಭೆ ಅಥಣಿಯದು, ಪ್ರತಿನಿಧಿಗಳೂ ಅವರ ಕಡೆಯವರೇ ಹೆಚ್ಚು. ನಗರದಿಂದ ಬಂದಿದ್ದ ಸಮಿತಿಯ ಕಾರ್ಯದರ್ಶಿಗಳು ಬಿಳಿ ಪ್ಯಾಂಟು ಕೋಟಿನಲ್ಲಿ ಮುಂದೆ ಕೂತಿದ್ದರು. ಕೆಟ್ಟ ಮನುಷ್ಯರಲ್ಲ, ಮಾತು ಮೃದು. ಪಾಲಕರಿಲ್ಲದ ಕಷ್ಟವನ್ನು ವಿವರಿಸಿ, ಪ್ರಸ್ತಾವ ಓದಿ, "ಕಾಗವಾಡದಿಂದ ಎಂದಿನಂತೆ ಯಾರೂ ಬಂದಿರಲಿಕ್ಕಿಲ್ಲ" ಎಂದರು.

"ಬಂದೇನ್ರಿ" ಎಂದು ಮಾರ್ಥವ್ವ ಎದ್ದು ನಿಂತಳು.

ಎಲ್ಲರೂ ತಿರುಗಿ ನೋಡಿದರು. ನಿನ್ನೆ ಮಿಸಳ್ ಹೋಟೆಲಿನಲ್ಲಿ ನಕ್ಕಿದ್ದ ಚಿಕ್ಕೋಡಿಯ ಹಿರಿಯರ ಬಾಯಿ ತೆರೆದದ್ದು ತೆರೆದೇ ಇತ್ತು.

ಕಾರ್ಯದರ್ಶಿಗಳು ಸಾವರಿಸಿಕೊಂಡರು. "ಸಂತೋಷ ತಾಯಿ. ಆದರೆ ಎರಡು ವರ್ಷ ನಿಮ್ಮವರು ಬರಲೇ ಇಲ್ಲವಲ್ಲ? ನಿಮ್ಮ ಜನಕ್ಕೆ ಆಸಕ್ತಿ ಇಲ್ಲ ಎಂದುಕೊಂಡೆವು."

"ಬರಲಿಲ್ರಿ. ಅದು ನಮ್ಮ ತಪ್ಪು, ಒಪ್ಕೋತೇನಿ. ಸುಮ್ನಿರೂದ ಭಕ್ತಿ ಅಂತ ತಿಳಕೊಂಡಿದ್ವಿ." ಸೆರಗು ಸರಿಮಾಡಿಕೊಂಡಳು.  "ಪಾಲಕರು ಇಲ್ಲ ಅಂತ ಗುಡಿ ಮುಚ್ಚೂದು ಬ್ಯಾಡ್ರಿ. ಹೊಸಬ್ರು ಬರೂತನಕ ತಿಂಗಳಿಗೊಮ್ಮೆ ಯಾರರೆ ಬಂದು ನಮಗ ಕರ್ತನ ಭೋಜನಾ ಕೊಡಲಿ. ಉಳಿದ ಐತವಾರ ನಾವ ಬೈಬಲ್ ವಾಕ್ಯಾ ಓದತೇವಿ, ನಾವ ಹಾಡತೇವಿ, ಜಡ್ಡಾದವರ ಮನಿಗೆ ನಾವ ಹೋಗತೇವಿ. ಈಗೂ ಅದನ್ನ ಮಾಡಾಕತ್ತೇವ್ರಿ. ನೀವು ಕೇಳಿರಲಿಲ್ಲ, ನಾವು ಹೇಳಿರಲಿಲ್ಲ."

ಇಷ್ಟು ಹೇಳಿ ಕೂತಳು. 

ಮುಚ್ಚಬೇಕೆನ್ನುವವರು ಕೈ ಎತ್ತಿ ಎಂದರು ಕಾರ್ಯದರ್ಶಿಗಳು. ಅಥಣಿಯವರ ಸಾಲಿನಲ್ಲಿ ನಾಲ್ಕಾರು ಕೈ ಎದ್ದವು. ಅವರ ಹಿರಿಯರು ಮಾತ್ರ ಕೈ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು. ಅದನ್ನು ನೋಡಿ ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಕೊನೆಗೆ ಒಬ್ಬರದೇ ಉಳಿಯಿತು. ಬೇಡ ಎನ್ನುವವರು ಎಂದು ಕೇಳಿದಾಗ ಮೊದಲು ಎದ್ದದ್ದು ಮಾರ್ಥವ್ವನ ಕೈ. ಕಣ್ಣು ಪೂರ್ತಿ ತೆರೆದಿದ್ದವು. ಕಾಕಾರದು, ನನ್ನದು, ರಾಯಬಾಗದವರದು, ಚಿಕ್ಕೋಡಿಯವರದು, ಆಮೇಲೆ ಆ ಒಬ್ಬರನ್ನು ಬಿಟ್ಟು ಅಥಣಿಯ ಇಡೀ ಸಾಲು! ಒಂಟಿಯಾಗಿ ಉಳಿದಿದ್ದವರು ಎದ್ದು ಬಂದು ಮಾರ್ಥವ್ವನ ಮುಂದೆ ನಿಂತರು. "ನನ್ನ ವಿಚಾರ ಬ್ಯಾರೆ ಇತ್ತವಾ. ಈಗ ಕೂಟದ ಮಾತ ನನ್ನ ಮಾತು" ಎಂದು ಕೈಮುಗಿದರು. ಮಾರ್ಥವ್ವ ಅಳುತ್ತ ಕೈಮುಗಿದಳು. ಆಮೇಲೆ ಇಬ್ಬರೂ ಒಂದೇ ಸಾಲಿನಲ್ಲಿ ಮೊಣಕಾಲೂರಿ, ನಗರದ ಪಾಲಕರ ಕೈಯಿಂದ ಕರ್ತನ ಭೋಜನ ತೆಗೆದುಕೊಂಡರು. ನಾನು ಎಷ್ಟೋ ಸಲ ಆ ಮೇಜಿಗೆ ಹೋಗಿದ್ದೇನೆ. ಅವತ್ತಿನಷ್ಟು ದೇವರು ಹತ್ತಿರ ಇದ್ದಂತೆ ಎಂದೂ ಅನಿಸಿರಲಿಲ್ಲ. ಅಲ್ಲಿಯವರೆಗೆ ಕೂಟ ಬೇರೆ, ಪ್ರಾರ್ಥನೆ ಬೇರೆ ಎಂದುಕೊಂಡಿದ್ದವಳು ನಾನೂ ಹೌದು.

ಊಟಕ್ಕೆ ಸಿಹಿ ಮಾದಲಿ, ತುಪ್ಪ, ಹಾಲು. ಕಾಕಾ ಎಷ್ಟು ಸಲ ಬಡಿಸಿಕೊಂಡರೆಂದು ನಾನು ಹೇಳುವುದಿಲ್ಲ. ಮಧ್ಯಾಹ್ನದ ಬೈಠಕ್ಕಿನಲ್ಲಿ ಹೊಸ ಪಾಲಕರನ್ನು ಕರೆಯುವ ಮಂಡಳಿಗೆ ಮಾರ್ಥವ್ವನನ್ನೂ ಸೇರಿಸಿದರು. ಹೆಸರು ಸೂಚಿಸಿದ್ದು ಸ್ವತಃ ಕಾರ್ಯದರ್ಶಿಗಳೇ.

ಇಳಿಹೊತ್ತಿನಲ್ಲಿ ಅದೇ ದಾರಿಯಿಂದ ಮರಳಿದೆವು. ಬಸ್ಸಿನಲ್ಲಿ ಮಾರ್ಥವ್ವನ ಬಾಯಿಗೆ ಬಿಡುವಿಲ್ಲ. ಪಾಲಕರು ಎಂಥವರಿರಬೇಕು, ಹಾಡು ಬರಬೇಕೋ ಬೇಡವೋ, ಸೈಕಲ್ ತುಳಿಯಬಲ್ಲರೋ ಎಂದು ಕಂಡಕ್ಟರನಿಗೂ ಕೇಳುವಂತೆ ಹೇಳುತ್ತಿದ್ದಳು. ಕಾಗವಾಡದ ಸ್ಟ್ಯಾಂಡಿನಲ್ಲಿ ಅರ್ಧ ಗುಡಿಯೇ ಬಂದು ನಿಂತಿತ್ತು. ಅವಳು ಮೆಟ್ಟಿಲಿಂದ ಕಾಲು ಇಳಿಸುವ ಮುಂಚೆಯೇ ಸಿಮಿಯೋನಪ್ಪ ಕೇಳಿದ: "ದೊಡ್ಡವ್ರು ಏನ ಠರಾವ್ ಮಾಡಿದ್ರಬೇ?"

"ದೊಡ್ಡವ್ರಲ್ಲೋ ಯಪ್ಪಾ, ನಾವ ಮಾಡಿದ್ವಿ! ಗುಡಿ ಇರತೈತಿ. ಬರೂ ಐತವಾರನೂ ವಾಕ್ಯಾ ನಾವ ಓದೂದು."

ಕೂಗು, ನಗು, ಅಳು ಎಲ್ಲ ಒಟ್ಟಿಗೇ ಎದ್ದವು. ಕಂಡಕ್ಟರ್ ಸೀಟಿ ಊದಿ ಬಸ್ಸು ಬಿಟ್ಟ. ಹಿಂದಿನ ಗಾಜಿನಿಂದ ಬಗ್ಗಿ ನೋಡಿದೆ. ಬರುವ ಭಾನುವಾರ ವಾಕ್ಯ ಯಾರು ಓದಬೇಕು ಎಂಬ ವಾದ ಆಗಲೇ ಶುರುವಾಗಿತ್ತು. ಸಿಮಿಯೋನಪ್ಪ ನಾನು ಎಂದು ಎದೆ ತಟ್ಟಿಕೊಳ್ಳುತ್ತಿದ್ದ, ಯಾವುದೋ ಮನೆಯ ಸೊಸೆಯೊಬ್ಬಳು ನಾನು ಎಂದು ಕೈ ಬೀಸುತ್ತಿದ್ದಳು, ಮಾರ್ಥವ್ವ ಇಬ್ಬರ ನಡುವೆ ನಿಂತು ದೊಡ್ಡ ದನಿಯಲ್ಲಿ ಏನೋ ಹೇಳುತ್ತಿದ್ದಳು. ಬಸ್ಸು ತಿರುವು ದಾಟಿದ ಮೇಲೂ ಆ ಗದ್ದಲ ಕೇಳುತ್ತಿತ್ತು.